ಹಗೇವಿನ ಕೂಸಿಗೆ ಕಣ್ಣು ಹಚ್ಚಿದವರು

ಅಕ್ಕವ್ವಾ, ತಮ್ಮಣ್ಣಾ,

ಹೋದ ರಜೆಯಲ್ಲಿ ನೀವಿಬ್ಬರೂ ನನ್ನ ಹಾಸಿಗೆಯ ಮೇಲೆ ಕೂತು ಫೋನಿನಲ್ಲಿ ಒಂದು ಮೀನು ತೋರಿಸಿದಿರಿ. ಸಮುದ್ರದ ತಳದಲ್ಲಿರುವ ಮೀನು, ತಲೆಯ ಮೇಲೆ ತನ್ನದೇ ದೀಪ ಹೊತ್ತುಕೊಂಡಿತ್ತು. "ಆಯಿ, ಇಂಥಾದ್ದು ನೀ ಕನಸಿನ್ಯಾಗೂ ಕಂಡಿರಲಿಕ್ಕಿಲ್ಲ" ಅಂದಿರಿ. ನಾನು ಸುಮ್ಮನೆ ನಕ್ಕೆ. ಎದುರಿಗೆ ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ಆದರೆ ಆ ಮೀನನ್ನು ನಾನು ನಿಮ್ಮ ಅವ್ವನ ಹಾಲುಹಲ್ಲು ಬೀಳುವ ಮೊದಲೇ ಕಂಡಿದ್ದೆ. ಅದನ್ನೂ ಅದರ ಜೊತೆಗಿದ್ದ ಇನ್ನೊಂದು ಮೀನನ್ನೂ ಕಲಸಿ ನನ್ನದೇ ಒಂದು ಪ್ರಾಣಿಯನ್ನು ಹುಟ್ಟಿಸಿಯೂ ಇದ್ದೆ. ಆ ಪ್ರಾಣಿಯನ್ನು ನನ್ನಿಂದ ಕಸಿದುಕೊಂಡು, ಅದರ ಹೆಸರಿನಲ್ಲಿ ಒಬ್ಬ ಬಡ ಹೆಣ್ಣುಮಗಳನ್ನು ಕಳ್ಳಿ ಮಾಡಲು ಹೊರಟರು. ನೆನೆಸಿದರೆ ಈಗಲೂ ಸಿಟ್ಟು ಬರುತ್ತದೆ. ಬಾಯಲ್ಲಿ ಹೇಳಹೋದರೆ ಮಾತು ತೊಡರುತ್ತದೆ. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆಯಲ್ಲ, ಅದನ್ನೇ ನೆಚ್ಚಿ ಬರೆಯುತ್ತಿದ್ದೇನೆ.

ನಾನು ದುಮ್ಮವಾಡದ ಕಡೆಯವಳು. ನಮ್ಮಲ್ಲಿ ಕೆಂಪು ಮಣ್ಣು, ಭತ್ತದ ಗದ್ದೆ, ಹತ್ತಿರದಲ್ಲೇ ಅಡವಿ. ಕಾಳುಕಡಿ ಅಂದರೆ ಅಟ್ಟದ ಮೇಲೆ, ಕಣಜದಲ್ಲಿ, ಕಣ್ಣೆದುರಿಗೇ ಇರುತ್ತಿತ್ತು. ಲಗ್ನವಾಗಿ ಅಣ್ಣಿಗೇರಿ ಸೀಮೆಯ ಈ ಊರಿಗೆ ಬಂದಾಗ ಎಲ್ಲಕ್ಕಿಂತ ವಿಚಿತ್ರ ಕಂಡದ್ದು ಹಗೇವು. ನೀವು ನೋಡಿಲ್ಲ, ಈಗ ಎಲ್ಲ ಮುಚ್ಚಿಹಾಕಿದ್ದಾರೆ. ಕಪ್ಪು ಎರೆ ನೆಲದಲ್ಲಿ ಆಳವಾಗಿ ತೋಡಿದ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಹೊಟ್ಟೆ ಗಡಿಗೆಯ ಹಾಗೆ ದೊಡ್ಡದು. ಒಳಗೆ ಸುತ್ತಲೂ ಹೊಟ್ಟು, ಜೋಳದ ದಂಟಿನ ಕಣಿಕೆ ಹಾಸಿ, ಬಿಳಿಜೋಳ ತುಂಬಿ, ಮೇಲೆ ಹಾಸುಗಲ್ಲು ಎಳೆದು, ಮಣ್ಣು ಮೆತ್ತಿ ಬಿಟ್ಟರೆ ಒಂದು ಹುಳ ಹತ್ತುತ್ತಿರಲಿಲ್ಲ. ನಮ್ಮ ಮನೆಗೆ ಅಂಥವು ಎರಡಿದ್ದವು, ಒಂದು ಹಿತ್ತಲಲ್ಲಿ, ಇನ್ನೊಂದು ಮುಂದಿನ ಅಂಗಳದಲ್ಲಿ. ನಾವು ಓಡಾಡುವ ಕಾಲಡಿಯೇ ಅಷ್ಟು ದೊಡ್ಡ ಕತ್ತಲು ಕೂತಿದೆ ಎನ್ನುವುದು ನನಗೆ ಬಹಳ ದಿನ ರೂಢಿಯಾಗಲಿಲ್ಲ. ರಂಗೋಲಿ ಹಾಕುವಾಗಲೂ ಆ ಕಲ್ಲನ್ನು ತುಳಿಯದೆ ಬಳಸಿ ಹೋಗುತ್ತಿದ್ದೆ.

ತಿಂಗಳುಗಟ್ಟಲೆ ಮುಚ್ಚಿದ ಹಗೇವನ್ನು ತೆಗೆದಾಗ ಅದರೊಳಗಿನ ಗಾಳಿ ಕೆಟ್ಟಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕಾವು ಎನ್ನುತ್ತಿದ್ದರು. ಕಾವು ಹೋಗುವ ಮೊದಲು ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಅದನ್ನು ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಕಾವು ಇನ್ನೂ ಇದೆ ಎಂದು ಅರ್ಥ. ಬೇವಿನ ಟೊಂಗೆ ಕಟ್ಟಿ ಒಳಗೆ ಆಡಿಸಬೇಕು, ಕಾಯಬೇಕು, ಮತ್ತೆ ಬಿಡಬೇಕು. ದೀಪ ಉರಿಯುತ್ತ ಉಳಿದ ಮೇಲೆಯೇ ಮನುಷ್ಯರು ಇಳಿಯುವುದು. ಇದು ನಮ್ಮ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ಮಾತು. ದೊಡ್ಡವರೇ ಅದನ್ನು ಹೇಗೆ ಮರೆತರು ಎನ್ನುವುದೇ ನಾನು ಹೇಳಹೊರಟ ಕಥೆ.

ಮೀನುಗಳು ನಮ್ಮ ಮನೆಗೆ ಬಂದದ್ದು ಪುಸ್ತಕದ ಹೊದಿಕೆಯಾಗಿ. ಎಂಬತ್ತರ ದಶಕದ ಮಾತು. ಸಾಲೆ ಸುರುವಾಗುವ ಹೊತ್ತಿಗೆ ಅಣ್ಣಿಗೇರಿಯ ರದ್ದಿ ಅಂಗಡಿಯಲ್ಲಿ ಪರದೇಶದ ಹಳೆಯ ಪುಸ್ತಕಗಳ ದಪ್ಪನೆಯ, ನುಣುಪಾದ ಹಾಳೆಗಳು ಸಿಗುತ್ತಿದ್ದವು. ನಿಮ್ಮ ಅಜ್ಜ ಒಂದು ಕಟ್ಟು ತಂದರು. ಮನೆಯಲ್ಲಿ ಸಾಲೆಗೆ ಹೋಗುವ ಮಕ್ಕಳೆಂದರೆ ನಿಮ್ಮ ಅವ್ವ, ಮತ್ತು ನನ್ನ ಭಾವನ, ಅಂದರೆ ನಿಮ್ಮ ಅಜ್ಜನ ಅಣ್ಣನ, ಇಬ್ಬರು ಗಂಡುಮಕ್ಕಳು. ಹೊದಿಕೆ ಹಾಕುವ ಕೆಲಸ ನನ್ನದು. ಒಂದು ಹಾಳೆ ಬಿಡಿಸಿದರೆ ಪೂರಾ ಕಪ್ಪು, ಆ ಕಪ್ಪಿನ ನಡುವೆ ದೀಪ ಹೊತ್ತ ಮೀನು. ಇನ್ನೊಂದು ಹಾಳೆಯಲ್ಲಿ ನೆನೆಸಿಟ್ಟ ಅಕ್ಕಿಯಷ್ಟು ಬೆಳ್ಳಗಿನ ಒಂದು ಮೀನು, ಅದಕ್ಕೆ ಕಣ್ಣೇ ಇರಲಿಲ್ಲ. ಕಣ್ಣಿರಬೇಕಾದ ಕಡೆ ಬರೀ ಚರ್ಮ.

ನಿಮ್ಮ ಅಜ್ಜ ಮೆಟ್ರಿಕ್ ಪಾಸಾದವರು. ಕೆಳಗಿನ ಇಂಗ್ಲಿಷನ್ನು ಬೆರಳಿಟ್ಟುಕೊಂಡು, ತಡವರಿಸುತ್ತ ಓದಿ ಹೇಳಿದರು. ಸಮುದ್ರದ ತಳಕ್ಕೆ ಬಿಸಿಲು ಮುಟ್ಟುವುದಿಲ್ಲವಂತೆ, ಅಲ್ಲಿಯ ಮೀನುಗಳು ತಮ್ಮ ದೀಪ ತಾವೇ ಹೊತ್ತಿಸಿಕೊಳ್ಳುತ್ತವಂತೆ. ಬಿಳಿಯದು ಗವಿಯೊಳಗಿನ ನೀರಿನದು, ತಲೆತಲಾಂತರ ಕತ್ತಲಲ್ಲೇ ಇದ್ದು ಇದ್ದು ಅದಕ್ಕೆ ಕಣ್ಣು ಬೇಡವಾಯಿತಂತೆ. ನೀರು ಮೈಗೆ ತಾಗುವ ರೀತಿಯಿಂದಲೇ ಎಲ್ಲ ತಿಳಿಯುತ್ತದಂತೆ. ನಾನು ಆವರೆಗೆ ಸಮುದ್ರ ಕಂಡವಳಲ್ಲ, ಈಗಲೂ ಕಂಡಿಲ್ಲ. ಆದರೆ ರೊಟ್ಟಿ ಬಡಿಯುವಾಗಲೂ, ಸಗಣಿ ಬಳಿಯುವಾಗಲೂ ಆ ಎರಡೇ ಮೀನುಗಳ ಧ್ಯಾನ ಹತ್ತಿತು. ಅಂಗಳದ ಹಾಸುಗಲ್ಲನ್ನು ನೋಡಿದಾಗಲೆಲ್ಲ, ಅಷ್ಟು ಕತ್ತಲು ಇರುವಲ್ಲಿ ಅಂಥದ್ದೊಂದು ಇರದೇ ಇದ್ದೀತೇ ಅನ್ನಿಸುತ್ತಿತ್ತು.

ಹಾಗೆ ಹುಟ್ಟಿದ್ದು ಹಗೇವಿನ ಕೂಸು. ಹಗೇವು ತೆಗೆದ ದಿನ ಮಕ್ಕಳು ಬಾಯಿಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು. ಎಷ್ಟು ಬೈದರೂ ಕೇಳುತ್ತಿರಲಿಲ್ಲ. ಕೂತು ಹೇಳಿದೆ: ಒಳಗೊಂದು ಕೂಸು ಐತಿ. ಬೆಳ್ಳಗೆ ಇರುತ್ತದೆ, ಮೈಯೊಳಗೆ ಜೋಳದ ಕಾಳು ಉರುಳಾಡುವುದು ಹೊರಗೇ ಕಾಣುತ್ತದೆ. ಕಣ್ಣಿಲ್ಲ, ಬಾಯಿಲ್ಲ. ಜೋಳದ ಬೇರಿನಂಥ ಉದ್ದನೆಯ ಮೀಸೆಗಳಿವೆ, ಅವುಗಳಿಂದ ತಡವಿ ತಡವಿ ಲೋಕ ತಿಳಿದುಕೊಳ್ಳುತ್ತದೆ. ಬಾಯಿಲ್ಲದೆ ಏನು ತಿನ್ನುತ್ತದೆ ಎಂದು ನಿಮ್ಮ ಅವ್ವ ಕೇಳಿದಳು. ಬೆಳಕು ತಿನ್ನುತ್ತದೆ ಅಂದೆ. ತಿಂಗಳುಗಟ್ಟಲೆ ಉಪವಾಸ ಇರುತ್ತದಲ್ಲ, ಹಗೇವು ತೆಗೆದ ಕೂಡಲೆ ಕಂದೀಲು ಬಿಟ್ಟರೆ ಗಬಕ್ಕನೆ ತಿಂದುಬಿಡುತ್ತದೆ. ಹಸಿದಾಗ ಅದರ ಹತ್ತಿರ ಹೋಗಬಾರದು. ಹೊಟ್ಟೆ ತುಂಬಿತೆಂದರೆ ಕಂದೀಲನ್ನು ಮುಟ್ಟುವುದಿಲ್ಲ, ಆಮೇಲೆ ಯಾರು ಇಳಿದರೂ ಏನೂ ಮಾಡದ ಸಾಧು ಪ್ರಾಣಿ.

ಅಂದಿನಿಂದ ಮಕ್ಕಳು ಬಗ್ಗಲಿಲ್ಲ. ದೂರ ಕೂತು, ಉಂಡಿತೇ, ಇನ್ನೂ ಉಂಡಿಲ್ಲವೇ ಎಂದು ಕೇಳುತ್ತಿದ್ದರು. ಬೈಗುಳದಿಂದ ಆಗದ್ದು ಕೂಸಿನಿಂದ ಆಯಿತು.

ಅದೊಂದಕ್ಕೇ ನಿಲ್ಲಲಿಲ್ಲ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರಿಯುವುದನ್ನು ನೀವು ನೋಡಿದ್ದೀರಿ, ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ಆ ಬಿರುಕುಗಳಲ್ಲಿ ಈಜುವ, ರೊಟ್ಟಿಯಷ್ಟು ಚಪ್ಪಟೆಯಾದ ಒಂದು ಪ್ರಾಣಿಯನ್ನು ನಿಮ್ಮ ಅವ್ವ ಮಾಡಿದಳು. ಮಳೆ ಬಿದ್ದು ಬಿರುಕು ಮುಚ್ಚಿದರೆ ಅದು ಇದ್ದಲ್ಲೇ ಮಲಗುತ್ತದೆ, ಮುಂದಿನ ಬೇಸಿಗೆಗೆ ಬೇರೆ ಯಾರದೋ ಹೊಲದಲ್ಲಿ ಏಳುತ್ತದೆ. ಬಾವಿಯ ತಳದಲ್ಲಿ ಬಿದ್ದ ಕೊಡಗಳನ್ನೇ ಚಿಪ್ಪು ಮಾಡಿಕೊಂಡು ಓಡಾಡುವ ಒಂದನ್ನು ಭಾವನ ಹಿರಿಯ ಮಗ ಮಾಡಿದ. ಮನೆಯಲ್ಲಿ ಮೂಕಿ ಸೊಸೆ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದರು. ಆ ಮಕ್ಕಳ ನಡುವೆ ಮಾತ್ರ ನನಗೆ ಬಾಯಿತ್ತು.

ಮುಂದೆ ಆದದ್ದು ನೋಡಿ. ಮಕ್ಕಳ ಬಾಯಿಂದ ಮಾತು ಕಣಕ್ಕೆ ಹೋಯಿತು, ಕಣದಿಂದ ಬಾವಿಕಟ್ಟೆಗೆ. ಕಳೆ ತೆಗೆಯಲು ಬರುತ್ತಿದ್ದ ಯಾರೋ ಒಬ್ಬಳು ತನ್ನ ಮಗುವಿನ ಕೆಮ್ಮು ನಿಂತಿತೆಂದು ಹಾಸುಗಲ್ಲಿಗೆ ಕುಂಕುಮ ಹಚ್ಚಿದಳು. ಮತ್ತೊಬ್ಬರು ಊದಿನಕಡ್ಡಿ ಸಿಕ್ಕಿಸಿದರು. ನನ್ನ ಭಾವನಿಗೆ ನಾಲ್ಕು ಜನ ತಮ್ಮೆದುರು ಕೈಮುಗಿದು ನಿಲ್ಲುವುದೆಂದರೆ ಬಹಳ ಸೇರುತ್ತಿತ್ತು. ಅಮಾವಾಸ್ಯೆಗೊಮ್ಮೆ ಮಡಿಯುಟ್ಟು ಕಲ್ಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆಯಲು ಹಿಡಿದರು. ನೋಡನೋಡುತ್ತ ಕೂಸು ಹೋಗಿ ಹಗೇದವ್ವ ಆಯಿತು. ನಮ್ಮ ಅತ್ತೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಜೋಳದ ಕುಣಿಯ ಕಲ್ಲು ಯಾಕೆ ಬೇಕೆಂದು ಒಮ್ಮೆ ಕೇಳಿದರು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ಉತ್ತರ ಬಂತು. ಆಮೇಲೆ ಕಟ್ಟಳೆಗಳು ಬಂದವು. ಮುಟ್ಟಾದವರು ಅಂಗಳಕ್ಕೆ ಬರಬಾರದು. ಹೆಂಗಸರು ಹಗೇವಿನೊಳಗೆ ಇಣುಕಬಾರದು. ಒಳಗಿಳಿದು ಜೋಳ ತುಂಬುವ ಆಳುಮಗಳಿಗೆ ಮಾತ್ರ ಆ ಕಟ್ಟಳೆ ಇರಲಿಲ್ಲ, ಏಕೆಂದರೆ ಅವಳಿಲ್ಲದಿದ್ದರೆ ಕೆಲಸ ನಡೆಯುತ್ತಿರಲಿಲ್ಲ. ಹಡೆದವಳು ನಾನು, ನನ್ನ ಕೂಸಿದ್ದ ಕಡೆ ನಾನೇ ಮುಖ ತಿರುಗಿಸಿ ಹೋಗಬೇಕಾಯಿತು.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಒಂದು ಸಲ ಭಾವ ಅಕ್ಕಸಾಲಿಗನಿಂದ ಬೆಳ್ಳಿಯ ಎರಡು ಕಣ್ಣು ಮಾಡಿಸಿ ತಂದು, ಮೇಣದಿಂದ ಕಲ್ಲಿಗೆ ಅಂಟಿಸಿದರು. ದೊಡ್ಡ, ಪಿಳಿಪಿಳಿ ಕಣ್ಣು. ಸುತ್ತ ನಿಂತವರೆಲ್ಲ ಎಷ್ಟು ಕಳೆ ಬಂತು ಎಂದರು. ಕಣ್ಣಿಲ್ಲದೆಯೂ ಅದು ಪೂರ್ಣವಾಗಿತ್ತು. ಯಾರನ್ನೂ ದಿಟ್ಟಿಸದೆ, ಯಾರ ಮೇಲೂ ಕಣ್ಣಿಡದೆ, ತಡವಿ ತಿಳಿದುಕೊಂಡು ಬದುಕುವ ಪ್ರಾಣಿ ಅದು. ಇವರಿಗೆ ಕಾವಲು ಕಾಯುವ, ಹೆದರಿಸುವ ಕಣ್ಣು ಬೇಕಾಗಿತ್ತು. ಕಣ್ಣು ಬಂದ ಮೇಲೆ ಹಗೇದವ್ವನಿಗೆ ಕಳ್ಳರನ್ನು ಹಿಡಿಯುವ ಕೆಲಸವೂ ಬಂತು. ಕಳವು ಮಾಡಿದವರ ಕೈಯಲ್ಲಿ ಕಂದೀಲು ಆರುತ್ತದೆ ಎಂಬ ಮಾತು ಎಲ್ಲಿಂದಲೋ ಹುಟ್ಟಿಕೊಂಡಿತು. ನಾನು ಹೇಳಿದ್ದು ಹಸಿವಿನ ಮಾತು, ಇವರು ಮಾಡಿಕೊಂಡದ್ದು ಶಿಕ್ಷೆಯ ಮಾತು.

ಆ ವರ್ಷ ಶ್ರಾವಣದಲ್ಲಿ ಮನೆಯ ಉಣ್ಣುವ ಜೋಳ ತೀರಿತೆಂದು ಹಿತ್ತಲ ಹಗೇವನ್ನು ತೆಗೆದರು. ಜೋಳ ಇರಬೇಕಾದ ಮಟ್ಟಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಭಾವ ಆ ಕ್ಷಣವೇ ಯಾರು ಕದ್ದರು ಎಂದು ನಿರ್ಧರಿಸಿಬಿಟ್ಟರು. ನಾನು ಆಗಲೇ ಹೇಳಿದ ಆಳುಮಗಳು, ತಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಹಗೇವುಗಳಿಗೆ ಇಳಿಯುತ್ತಿದ್ದವಳು. ಸಣ್ಣ ಮೈಕಟ್ಟಿನ, ನನಗಿಂತ ಸ್ವಲ್ಪ ಹಿರಿಯ ಹೆಂಗಸು. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿದವಳೂ ಅವಳೇ. ಮೆತ್ತಿದ ಮಣ್ಣು ಮೆತ್ತಿದ ಹಾಗೇ ಇತ್ತು, ಆ ಹಾಸುಗಲ್ಲನ್ನು ಸರಿಸಲು ಗಟ್ಟಿ ಗಂಡಸರೇ ನಾಲ್ಕು ಕೈ ಹಾಕಬೇಕಿತ್ತು, ಆ ಸಣ್ಣ ಹೆಂಗಸು ಒಬ್ಬಳೇ ಹೇಗೆ ಸರಿಸಿದಳು ಎಂದು ಒಬ್ಬರಾದರೂ ಕೇಳಲಿಲ್ಲ. ನಾಳೆ ಅಂಗಳದ ಹಗೇವು ತೆಗೆಯೋಣ, ಹಗೇದವ್ವನ ಮುಂದೆ ಅವಳೇ ಕಂದೀಲು ಬಿಡಲಿ, ಆರಿದರೆ ಅವಳೇ ಕಳ್ಳಿ ಎಂದು ಭಾವ ಹೇಳಿದರು.

ಅವಳ ಮಗಳ ಲಗ್ನ ಯರಗುಪ್ಪಿಯ ಒಂದು ಮನೆತನಕ್ಕೆ ಗೊತ್ತಾಗಿತ್ತು. ತಾಯಿ ಕಳ್ಳಿ ಎಂಬ ಮಾತು ಅಲ್ಲಿಗೆ ಮುಟ್ಟಿದರೆ ಆ ಸಂಬಂಧ ಮುರಿಯುತ್ತಿತ್ತು. ಊರಿನಲ್ಲಿ ಯಾರೂ ಅವಳನ್ನು ಮತ್ತೆ ಅಂಗಳಕ್ಕೂ ಕರೆಯುತ್ತಿರಲಿಲ್ಲ. ಒಂದು ಕಂದೀಲಿನ ಕುಡಿಗೆ ತಾಯಿ ಮಗಳಿಬ್ಬರ ಬಾಳನ್ನು ಕಟ್ಟಿ ಇಳಿಬಿಡಲು ಇವರು ತಯಾರಾಗಿದ್ದರು. ಅದೂ ಎಂಥ ಕಂದೀಲು? ಆಗಷ್ಟೇ ತೆಗೆದ ಹಗೇವಿನಲ್ಲಿ ಯಾವತ್ತಾದರೂ ಯಾರದಾದರೂ ಕಂದೀಲು ಉರಿದದ್ದು ಉಂಟೇ?

ಮರುದಿನ ಮುಂಜಾನೆ ಅಂಗಳದ ತುಂಬ ಜನ. ಗಂಡಸರು ಕಲ್ಲಿನ ಸುತ್ತ, ಹೆಂಗಸರು ಕಟ್ಟೆಯ ಬಾಜು. ಕಲ್ಲು ಸರಿಸಿದರು. ಬೆಳ್ಳಿ ಕಣ್ಣಿನ ಆ ಕಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸಿದರು, ಸಾಕ್ಷಿ ನೋಡುವವರ ಹಾಗೆ. ಭಾವ ಹಗ್ಗ ಕಟ್ಟಿದ ಕಂದೀಲನ್ನು ಆ ಹೆಂಗಸಿನ ಕೈಗೆ ಕೊಟ್ಟರು. ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು, "ಅದು ಯಾರ ಬಿಟ್ರೂ ಆರತೈತ್ರಿ ಸಾವ್ಕಾರ್ರ. ಇನ್ನೂ ಕಾವು ಹೋಗಿಲ್ರಿ" ಅಂದಳು.

"ಕದ್ದಿಲ್ಲಂದ್ರ ಅಂಜಿಕಿ ಯಾಕ? ಬಿಡು."

ಬಿಟ್ಟಳು. ಹಗ್ಗ ಒಂದೆರಡು ಮೊಳ ಇಳಿಯುವುದರಲ್ಲೇ ಬೆಳಕು ಕೆಂಪಾಗಿ, ಕುಗ್ಗಿ, ಆರಿಹೋಯಿತು. ಅಂಗಳದಲ್ಲಿ ಉಸ್ಸೆಂದು ಒಂದು ಉಸಿರು ಎದ್ದಿತು. ಜೀವನವಿಡೀ ಹಗೇವು ತೆಗೆದು ಜೋಳ ಉಂಡ ಜನ, ದೀಪ ಆರಿದ್ದು ಇದೇ ಮೊದಲು ಕಂಡವರಂತೆ ಬಾಯಿ ಬಿಟ್ಟು ನಿಂತರು. ನಾನು ನಿಮ್ಮ ಅಜ್ಜನ ಮುಖ ನೋಡಿದೆ. ಗವಿಯ ಮೀನಿನ ಮಾತನ್ನು ನನಗೆ ಓದಿ ಹೇಳಿದ ಮನುಷ್ಯ ನೆಲ ನೋಡುತ್ತಿದ್ದರು.

ಇಲ್ಲಿ ನಿಮಗೊಂದು ಪದ್ಧತಿ ಹೇಳಬೇಕು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿಯಾದವಳು ಭಾವನೆದುರು ಬರುವಂತಿರಲಿಲ್ಲ, ಅವರೊಡನೆ ನೇರ ಮಾತಾಡುವಂತಿರಲಿಲ್ಲ. ಏನಾದರೂ ತಿಳಿಸಬೇಕಾದರೆ ಬಾಗಿಲ ಮರೆಯಿಂದ, ಮಕ್ಕಳನ್ನು ಮುಂದಿಟ್ಟುಕೊಂಡು, ಅವರಿಗೆ ಹೇಳಿದ ಹಾಗೆ ಹೇಳಬೇಕು. ಲಗ್ನವಾದಂದಿನಿಂದ ಭಾವನಿಗೆ ನನ್ನ ದನಿ ಹೇಗಿದೆ ಎನ್ನುವುದೂ ಗೊತ್ತಿರಲಿಲ್ಲ. ಆ ಮುಂಜಾನೆ ನಾನು ಹೊಸ್ತಿಲಲ್ಲಿ ನಿಂತು ನಿಮ್ಮ ಅವ್ವನ ಭುಜ ಹಿಡಿದುಕೊಂಡೆ. ಅವಳಿಗೆ ಆಗ ಏಳು ತುಂಬಿರಲಿಲ್ಲ.

"ನಿಮ್ಮ ದೊಡ್ಡಪ್ಪನ್ನ ಕೇಳವಾ," ಅಂದೆ, "ಹಗೇವಿನ ಕೂಸಿಗೆ ಬಾಯೇ ಇಲ್ಲ, ತೀರ್ಪು ಹ್ಯಾಂಗ ಕೊಟ್ತು ಅಂತ."

ನಿಮ್ಮ ಅವ್ವ ಅದನ್ನು ಸಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. ಯಾರೋ ನಕ್ಕರು. ಭಾವ ಗಾಳಿಗೆ ಹೇಳಿದ ಹಾಗೆ, ಹೆಣ್ಣುಮಕ್ಕಳು ಒಳಗೆ ಹೋಗಲಿ ಅಂದರು. ನಾನು ಮತ್ತೆ ಮಗಳ ಕಿವಿಯ ಹತ್ತಿರ ಬಗ್ಗಿ, ಅದನ್ನು ಮಾಡಿದವಳು ನಾನು, ಪುಸ್ತಕದ ಹೊದಿಕೆ ನೋಡಿ ನಿಮಗೆಂದು ಮಾಡಿದ್ದು, ಅದು ದೇವರೂ ಅಲ್ಲ, ದೆವ್ವವೂ ಅಲ್ಲ ಎಂದು ಹೇಳಿಸಿದೆ.

ಇಷ್ಟು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಎಂಥ ಹುಚ್ಚಿ ನಾನು. ಭಾವ ಒಂದಿಷ್ಟೂ ಅಳುಕದೆ, ನನ್ನ ಕಡೆ ತಿರುಗಿ, "ನೀ ಏನ ಮಾಡ್ತಿ ತಂಗಿ? ಹಗೇದವ್ವ ನಿನ್ನ ಬಾಯಿಲೆ ಹೇಳಿಸ್ಯಾಳ" ಅಂದರು. ಅಂಗಳದ ಜನ ತಲೆದೂಗಿದರು. ಒಬ್ಬ ಮುದುಕ ನನ್ನ ಕಡೆ ಕೈಮುಗಿದ. ನಾನು ಸುಳ್ಳು ಹೇಳಿದ್ದೆ ಎಂದು ನಾನೇ ಒಪ್ಪಿದರೂ ನಂಬಲು ಅವರು ತಯಾರಿರಲಿಲ್ಲ. ನಾನು ಹುಟ್ಟಿಸಿದ್ದರ ಮೇಲೆ ನನಗಿದ್ದ ಕೊನೆಯ ಹಕ್ಕನ್ನೂ ಅವರು ಅಷ್ಟು ನಯವಾಗಿ, ಗೌರವ ಕೊಟ್ಟಂತೆ ಮಾಡಿ ಕಿತ್ತುಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈಮುಗಿದದ್ದನ್ನು ತಡೆಯಲಾಗಲಿಲ್ಲ.

ಹೊಸ್ತಿಲು ದಾಟಿದ್ದು ನೆನಪಿಲ್ಲ. ಅಂಗಳದ ನಡುವೆ, ಭಾವನೆದುರು ನಿಂತಿದ್ದೆ. ಆ ಹೆಂಗಸಿನ ಕೈಯಿಂದ ಹಗ್ಗ ಇಸಿದುಕೊಂಡು ಕಂದೀಲನ್ನು ಮೇಲೆಳೆದೆ, ಒಲೆಯ ಕೊಳ್ಳಿ ತರಿಸಿ ಹೊತ್ತಿಸಿದೆ, ಇಳಿಬಿಟ್ಟೆ. ಕೆಂಪಾಯಿತು, ಕುಗ್ಗಿತು, ಆರಿತು. ಈ ಸಲ ಮಗಳನ್ನು ಮುಂದಿಟ್ಟುಕೊಳ್ಳಲಿಲ್ಲ.

"ನನ್ನದೂ ಆರಿತ್ರಿ ಭಾವಾರ. ನಾನೂ ಕಳ್ಳೀನ ಅನ್ರಿ."

ಅವರು ಮುಖ ಬೇರೆ ಕಡೆ ಮಾಡಿದರು. ನನ್ನನ್ನು ಕಳ್ಳಿ ಎಂದರೆ ಮನೆತನದ ಮರ್ಯಾದೆ ಹೋಗುತ್ತದೆ, ಅನ್ನದಿದ್ದರೆ ಅವಳನ್ನೂ ಅನ್ನುವಂತಿಲ್ಲ. ಆಗ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದರು. ಕಂದೀಲು ಹೊತ್ತಿಸಿಕೊಂಡು ತಾವೂ ಬಿಟ್ಟರು. ಆರಿತು. ಅತ್ತೆ ಮಗನ ಕಡೆ ತಿರುಗಿದರು.

"ನೋಡಲೇ, ನಾನೂ ಕಳ್ಳಿ. ಈ ಮನಿ ಕೀಲಿಕೈ ಇಷ್ಟು ದಿನ ಯಾರ ಸೊಂಟದಾಗ ಇತ್ತು? ನಿನ್ನ ಹಡದಾಕಿ ಕಳ್ಳಿ ಆದ್ರ ನೀ ಯಾರಲೇ?"

ಅಲ್ಲಿಂದ ಮುಂದೆ ಯಾರೂ ಹೇಳಬೇಕಾಗಲಿಲ್ಲ. ಕಟ್ಟೆಯ ಬಾಜು ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಬಂದರು. ಹಗೇವಿನೊಳಗೆ ಇಣುಕಬಾರದು ಎಂಬ ಕಟ್ಟಳೆ ಇದ್ದವರು ಹಗೇವಿನ ಬಾಯಿಗೇ ಬಂದು ನಿಂತು, ಹೊತ್ತಿಸಿ ಬಿಡುವುದು, ಆರಿದ ಕೂಡಲೆ ಹಿಂದಿನವಳಿಗೆ ಹಗ್ಗ ಕೊಡುವುದು. ಮೇಲಿನ ಓಣಿಯ ಒಬ್ಬಾಕೆ, ಬಾಯಿ ಬಲು ಜೋರು, ಆರಿದ ಕಂದೀಲನ್ನು ಎತ್ತಿ ತೋರಿಸಿ, "ಊರಾಗ ಒಬ್ಬಾಕೀನೂ ಸಾಚಾ ಇಲ್ಲ ನೋಡ್ರಿ. ಗಂಡಸರೂ ಬರ್ರಿ, ಪಾಳೆ ಹಚ್ಚರಿ" ಅಂದಳು. ಗಂಡಸರಲ್ಲಿ ಒಬ್ಬರೂ ಹಗ್ಗಕ್ಕೆ ಕೈ ಚಾಚಲಿಲ್ಲ. ಕೊನೆಗೆ ಭಾವ ಎಣ್ಣೆ ದಂಡ ಮಾಡಬೇಡಿ ಎಂದು ಗದರಿಸಿ, "ಸಾಕ ಮಾಡ್ರಿ. ಕಾವು ಹೋಗಲಿ, ಆಮ್ಯಾಲೆ ಇಳಿಸೂಣು" ಅಂದರು.

ಕಾವು! ಆ ಮಾತು ಅವರ ಬಾಯಲ್ಲಿ ಅಷ್ಟು ಸಲೀಸಾಗಿ ಬಂತು. ಮುಂಜಾನೆಯಿಂದ ಅದೇ ಮಾತನ್ನು ಅವಳು ಹೇಳಿದ್ದಳು, ಆಗ ಅದು ಕಳ್ಳಿಯ ನೆಪವಾಗಿತ್ತು. ಸಾವುಕಾರರು ಹೇಳಿದಾಗ ತಿಳಿವಳಿಕೆಯಾಯಿತು. ತಪ್ಪಾಯಿತು ಎಂದು ಒಂದು ಶಬ್ದ ಇಲ್ಲ. ಮಧ್ಯಾಹ್ನ ಕಂದೀಲು ಉರಿಯುತ್ತ ನಿಂತಾಗ, ಏನೂ ಆಗಿಲ್ಲವೆನ್ನುವಂತೆ ಬುಟ್ಟಿ ಮುಂದಿಟ್ಟು ಇಳಿ ಎಂದು ಅವಳನ್ನೇ ಕರೆದರು. ಅವಳು ಬುಟ್ಟಿಯನ್ನು ಕಾಲಿನಿಂದಲೂ ಮುಟ್ಟಲಿಲ್ಲ.

"ಕಳ್ಳಿ ಇಳಿಯೂದಿಲ್ರಿ" ಎಂದು ಹೇಳಿ, ಅಂಗಳ ದಾಟಿ ಹೋದಳು. ಮತ್ತೆಂದೂ ನಮ್ಮ ಮನೆಯ ಕೆಲಸಕ್ಕೆ ಬರಲಿಲ್ಲ. ಆ ದಿನ ಭಾವ ಓಣಿ ಓಣಿ ತಿರುಗಿ ಯಾರನ್ನೋ ಬೇಡಿಕೊಂಡು ಕರೆತಂದರು.

ಜೋಳ ಎಲ್ಲಿ ಹೋಗಿತ್ತು ಎನ್ನುವುದು ಎರಡು ದಿನ ಬಿಟ್ಟು ಹಿತ್ತಲ ಹಗೇವು ಪೂರಾ ಖಾಲಿಯಾದಾಗ ತಿಳಿಯಿತು. ತುಂಬುವ ಮೊದಲು ಒಳಗೆ ಹುಲ್ಲು ಸುಟ್ಟು ಗೋಡೆ ಒಣಗಿಸಬೇಕು. ಆ ವರ್ಷ ಭಾವನಿಗೆ ಅವಸರ, ಬೇಡ ಎಂದಿದ್ದರು. ಗೋಡೆಯ ಥಂಡಿ ಹಿಡಿದು ಸುತ್ತಲಿನ ಜೋಳವೆಲ್ಲ ಕಪ್ಪು ಹೆಂಟೆಯಾಗಿ, ಕೊಳೆತು, ಕುಸಿದಿತ್ತು. ಆ ಹೆಂಟೆಗಳನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಹೊಟ್ಟು ಮುಚ್ಚಿ, ಹಿತ್ತಲ ಬಾಗಿಲಿನಿಂದ ತಿಪ್ಪೆಗೆ ಸಾಗಿಸಿದರು. ಒಬ್ಬಳನ್ನು ಕಳ್ಳಿ ಎನ್ನುವಾಗ ಊರೆಲ್ಲ ಬೇಕಾಗಿತ್ತು. ಅಲ್ಲ ಎಂದು ಗೊತ್ತಾದಾಗ ಹಿತ್ತಲ ಬಾಗಿಲು ಸಾಕಾಯಿತು.

ಕಂದೀಲು ಬಿಟ್ಟ ದಿನದ ಸಂಜೆ ನಿಮ್ಮ ಅಜ್ಜ ನನ್ನ ಹತ್ತಿರ ಬಂದು, ನಾನೂ ಹೇಳಬೇಕೆಂದೇ ಮಾಡಿದ್ದೆ ಅಂದರು. ಮಾಡಿದ್ದಿರಿ, ಹೇಳಲಿಲ್ಲ ಅಂದೆ. ಅವರು ಒಳ್ಳೆಯ ಮನುಷ್ಯ, ನನ್ನನ್ನು ಒಂದು ದಿನವೂ ಕೈಯೆತ್ತಿ ಹೊಡೆದವರಲ್ಲ. ಅವರು ಹೋಗಿ ಇಷ್ಟು ವರ್ಷವಾದರೂ ಆ ಮುಂಜಾನೆ ನೆಲ ನೋಡುತ್ತ ನಿಂತದ್ದನ್ನು ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. ಇದನ್ನು ಓದಿ ನಿಮ್ಮ ಅವ್ವ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮಾತು ಯರಗುಪ್ಪಿಗೂ ಮುಟ್ಟಿತ್ತು. ವಾರದೊಳಗೆ ಗಂಡಿನ ಕಡೆಯ ಹಿರಿಯರೊಬ್ಬರು ನಿಜ ಏನೆಂದು ವಿಚಾರಿಸಲು ನಮ್ಮ ಮನೆಗೇ ಬಂದರು. ಭಾವ ಪೇಟೆಯ ಕೆಲಸವಿದೆ ಎಂದು ಎದ್ದು ಹೋದರು. ಅತ್ತೆ ಅವರನ್ನು ಕೂರಿಸಿ, ಚಹಾ ಕೊಟ್ಟು, ತಿಪ್ಪೆಯವರೆಗೆ ಕರೆದುಕೊಂಡು ಹೋಗಿ ಕಪ್ಪು ಹೆಂಟೆಗಳನ್ನು ಕೋಲಿನಿಂದ ಕೆದರಿ ತೋರಿಸಿದರು. ಲಗ್ನ ಹೇಳಿದ ದಿನಕ್ಕೇ ಆಯಿತು. ನಮ್ಮಂಥ ಮನೆಯ ಸೊಸೆಯಂದಿರು ಆಳುಗಳ ಮನೆಯ ಲಗ್ನಕ್ಕೆ ಹೋಗಿ ಪಂಕ್ತಿಯಲ್ಲಿ ಕೂರುವುದಿರಲಿಲ್ಲ. ನಾನು ನಿಮ್ಮ ಅವ್ವನ ಕೈ ಹಿಡಿದುಕೊಂಡು ಹೋಗಿ ಕೂತೆ, ಉಂಡೆ. ಮದುಮಗಳ ತಾಯಿ ತಾನೇ ಬಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಇನ್ನು ಊರಿನವರು ಈ ಕಥೆಯನ್ನು ಹೇಗೆ ಹೇಳುತ್ತಾರೆ ಗೊತ್ತೇ? ಒಬ್ಬ ನಿರಪರಾಧಿ ಹೆಂಗಸನ್ನು ಉಳಿಸಲೆಂದು ಹಗೇದವ್ವ ಅಂದು ಎಲ್ಲರ ಕಂದೀಲನ್ನೂ ಆರಿಸಿದಳಂತೆ. ಪವಾಡವಂತೆ! ಅವರ ಕಥೆಯಲ್ಲಿ ಅತ್ತೆ ಇಲ್ಲ, ನಾನಿಲ್ಲ, ಸಾಲು ಹಚ್ಚಿ ನಿಂತ ಹೆಂಗಸರೂ ಇಲ್ಲ. ಹೋದ ವರ್ಷವೂ ಒಬ್ಬಾಕೆ ನನಗೇ ಇದನ್ನು ಭಕ್ತಿಯಿಂದ ಹೇಳಿ ಹೋದಳು. ಮಕ್ಕಳಿಗೆ ಇಲ್ಲದ್ದನ್ನೆಲ್ಲ ಹೇಳಿದ ಮೂಕಿ ಸೊಸೆಯಿಂದಲೇ ಇಷ್ಟೆಲ್ಲ ಆಯಿತು ಎಂದವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಈ ಹಾಳೆಯಲ್ಲಿ ಬರೆದು ಹೇಳುತ್ತೇನೆ, ಒಪ್ಪುವುದಿಲ್ಲ. ನನ್ನ ಕಥೆ ಕೇಳಿದ ಮಕ್ಕಳು ಹಗೇವಿನಿಂದ ದೂರ ಕೂತು ಬದುಕಿದರು. ಕೆಟ್ಟದ್ದು ಮಾಡಿದವರು ಕಥೆ ಕೇಳಿದವರಲ್ಲ, ಅದನ್ನು ಕೈಯಲ್ಲಿ ಹಿಡಿದು ಬಡಿಗೆ ಮಾಡಿಕೊಂಡವರು.

ನೀವು ಇನ್ನೂ ಎಷ್ಟೋ ಪ್ರಾಣಿಗಳನ್ನು ಹುಟ್ಟಿಸುವಿರಿ. ಅಕ್ಕವ್ವನ ಚಿತ್ರದ ವಹಿಯಲ್ಲಿ ಒಂಬತ್ತು ಕಾಲಿನದೊಂದನ್ನು ನಾನು ಕಂಡಿದ್ದೇನೆ. ಅವು ಹೇಗಿವೆ, ಏನು ತಿನ್ನುತ್ತವೆ, ಏನು ಮಾಡುವುದಿಲ್ಲ ಎನ್ನುವುದನ್ನು ನೀವೇ ಬರೆದಿಡಿ, ಬೇರೆಯವರು ಹೇಳುವವರೆಗೆ ಕಾಯಬೇಡಿ.

ಈ ಹಾಳೆಗಳನ್ನು ಥಂಡಿ ಹಿಡಿಯದ ಕಡೆ, ಬಟ್ಟೆಯ ಪದರದ ನಡುವೆ ಇಡಿ. ನನ್ನ ಒತ್ತಕ್ಷರ ತಪ್ಪಿದ್ದರೂ ತಿದ್ದಬೇಡಿ. ಯಾರಾದರೂ ಓದುತ್ತೇವೆಂದು ಒಯ್ದರೆ ಬೆನ್ನು ಹತ್ತಿ ತಿರುಗಿ ಇಸಿದುಕೊಳ್ಳಿ. ಕೇಳಲು ನಾಚಿಕೆಪಡಬೇಡಿ, ನಾನು ಪಟ್ಟದ್ದು ನಮ್ಮ ಮನೆತನಕ್ಕೆಲ್ಲ ಸಾಕು.